ಹೆದರಿದ ಆಮೆಯ ಸಾರು

ಕಾಡಿನ ನಡುವೆ ಹೊಳೆ ಬಾಗುವ ಕಡೆ ಕಗ್ಗಲಿ ಮಡು ಎಂದೊಂದು ಮಡುವಿತ್ತು. ಬೇಸಿಗೆಯಲ್ಲೂ ಬತ್ತದ ಆಳದ ನೀರು. ಅದರಲ್ಲಿ ನಲವತ್ತೋ ಐವತ್ತೋ ಆಮೆಗಳು, ದಿನವಿಡೀ ವಟಗುಟ್ಟುವ ಕಪ್ಪೆಗಳು, ಕಲ್ಲಿನ ಸಂದಿಯಲ್ಲಿ ಲಕ್ಕವ್ವ ಎಂಬ ಮುದಿ ಏಡಿ. ಮಡುವಿನಿಂದ ಆಮೆಯ ನಡಿಗೆಯಲ್ಲಿ ಒಂದು ಹಗಲು ದೂರಕ್ಕೆ ನರಿಗುಡ್ಡ. ಅಲ್ಲಿ ಯಾರಿದ್ದರು ಎಂದು ನಾನು ಹೇಳಬೇಕಾಗಿಲ್ಲ ಮಕ್ಕಳೇ, ಹೆಸರೇ ಹೇಳುತ್ತದೆ.

ಆ ಮಡುವಿನ ಆಮೆಗಳಲ್ಲಿ ಬಂಡೆಪ್ಪ ಎಂಬುವನೊಬ್ಬ. ಕೆಟ್ಟವನಲ್ಲ. ಮರಿಗಳಿಗೆ ದಾರಿ ಬಿಡುತ್ತಿದ್ದ, ಹುಳು ಸಿಕ್ಕಿದರೆ ಹಂಚಿಕೊಂಡು ತಿನ್ನುತ್ತಿದ್ದ. ಆದರೆ ಅವನಿಗೆ ವಂಶದ ಜಂಬ. "ದೇವರೂ ದಾನವರೂ ಸೇರಿ ಕಡಲು ಕಡೆಯೋವಾಗ ಮುಳುಗ್ತಿದ್ದ ಬೆಟ್ಟಾನ ಬೆನ್ನ ಮೇಲೆ ಹೊತ್ತೋನು ನಮ್ಮ ಮೂಲಪುರುಷ. ಅಂಥ ವಂಶದೋರು ನಾವು. ನಮಗೆ ಹೆದರಿಕೆ ಅನ್ನೋದು ಗೊತ್ತಿಲ್ಲ," ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಗುಡುಗಿದರೆ ಎಲ್ಲ ಆಮೆಗಳೂ ದುಡುದುಡು ನೀರಿಗಿಳಿಯುತ್ತಿದ್ದವು. ಬಂಡೆಪ್ಪನೂ ಇಳಿಯುತ್ತಿದ್ದ. ಯಾರಾದರೂ ಕೇಳಿದರೆ, "ನಿದ್ದೆ ಬಂತು, ಅದಕ್ಕೆ ಒಳಗೆ ಹೋದೆ," ಎನ್ನುತ್ತಿದ್ದ. ಎದೆ ಡವಗುಟ್ಟುತ್ತಿದ್ದರೂ ಮುಖದ ಮೇಲೆ ಅದು ಕಾಣಬಾರದು. ಅದೇ ಅವನಿಗೆ ದೊಡ್ಡ ಮರ್ಯಾದೆ.

ಒಂದು ಚಳಿಗಾಲದ ಬೆಳಿಗ್ಗೆ ಮಾಯಿಗ ಎಂಬ ನರಿ ಮಡುವಿನ ದಡಕ್ಕೆ ಬಂದಿತು. ಬಾಯಲ್ಲಿ ಕಾಡುಮಲ್ಲಿಗೆಯ ಒಂದು ಬಳ್ಳಿ ಕಚ್ಚಿಕೊಂಡಿತ್ತು. ವರ್ಷಕ್ಕೊಮ್ಮೆ ಹೀಗೆ ಬರುವುದು ಅದರ ವಾಡಿಕೆ. ಬಳ್ಳಿಯನ್ನು ಕೆಳಗಿಟ್ಟು, ಮುಂಗಾಲು ಮಡಚಿ, ಹಣೆ ನೆಲಕ್ಕೆ ತಾಗಿಸಿತು.

"ಬಂಡೆಪ್ಪನೋರೇ, ನಮ್ಮ ಗುಡ್ಡದಲ್ಲಿ ಹಿರಿಯರ ಹಬ್ಬ. ನಿಮ್ಮ ವಂಶದೋರು ಒಬ್ಬರಾದ್ರೂ ಬರದೆ ನಮ್ಮ ಮುತ್ತಜ್ಜನ ಕಾಲದಿಂದ ಆ ಹಬ್ಬ ನಡೆದಿದ್ದೇ ಇಲ್ಲ. ಈ ಸಲ ನಮ್ಮಜ್ಜಿ ನಿಮ್ಮ ಹೆಸರನ್ನೇ ಹೇಳಿ ಕಳಿಸಿದ್ದಾಳೆ," ಎಂದಿತು ಮಾಯಿಗ.

ಬಂಡೆಪ್ಪನ ಕತ್ತು ಚಿಪ್ಪಿನಿಂದ ಒಂದು ಗೇಣು ಹೊರಗೆ ಬಂತು. ಹೊಗಳಿ ಅಟ್ಟಕ್ಕೇರಿಸುವುದೆಂದರೆ ಹೀಗೆ.

ಕಲ್ಲಿನ ಸಂದಿಯಿಂದ ಲಕ್ಕವ್ವ ಇಣುಕಿದಳು. "ಹೋದ ವರ್ಷ ಮರಿಸ್ವಾಮಿ ಹೋದ. ಅದರ ಹಿಂದಿನ ವರ್ಷ ದೊಡ್ಡಮಾದ. ಒಬ್ಬನಾದ್ರೂ ವಾಪಸ್ ಬಂದಿದ್ದಾನೇನಪ್ಪ ಮಾಯಿಗ?" ಎಂದು ಕೇಳಿದಳು.

"ಎಲ್ಲಿ ಬರ್ತಾರೆ ಲಕ್ಕವ್ವ? ನಮ್ಮ ಮನೆ ಅವರಿಗೆ ಅಷ್ಟು ಒಗ್ಗಿಹೋಯ್ತು," ಎಂದಿತು ನರಿ.

ಆ ಮಾತಿಗೆ ಬಂಡೆಪ್ಪನ ಕಾಲು ತಾನಾಗಿ ನೀರಿನ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿಯಿತು. ಅದು ಹೆದರಿಕೆ. ಅವನಿಗೂ ಗೊತ್ತಾಯಿತು. ಆದರೆ ದಡದ ಮೇಲೆ ಆಗಲೇ ಇಪ್ಪತ್ತು ಆಮೆಗಳು ಕತ್ತು ಚಾಚಿ ನೋಡುತ್ತಿದ್ದವು. ಚೆಲುವಿ ಎಂಬ ಹರೆಯದ ಆಮೆ, "ಬಂಡೆಪ್ಪ ಮಾವನ್ನ ಕರೀತಿದಾರೆ," ಎಂದು ಪಕ್ಕದವಳಿಗೆ ಪಿಸುಗುಟ್ಟಿದ್ದು ಅವನ ಕಿವಿಗೆ ಬಿತ್ತು. ನೀವು ಮರ ಹತ್ತಿದ್ದೀರಾ ಮಕ್ಕಳೇ? ಕೊಂಬೆ ಲಟಲಟ ಎನ್ನುತ್ತಿರುತ್ತದೆ, ಕೆಳಗೆ ಗೆಳೆಯರು ನೋಡುತ್ತಿರುತ್ತಾರೆ, ಇಳಿಯುತ್ತೇನೆ ಎನ್ನಲು ನಾಲಿಗೆ ಏಳುವುದಿಲ್ಲ. ಬಂಡೆಪ್ಪನದೂ ಅದೇ ಸ್ಥಿತಿ.

"ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಕಣೋ ಬಂಡೆಪ್ಪ. ಹೋಗಬೇಡ," ಎಂದಳು ಲಕ್ಕವ್ವ.

"ನಮ್ಮ ವಂಶಕ್ಕೆ ಹೆದರಿಕೆಯೇ ಲಕ್ಕವ್ವ?" ಎಂದು ಬಂಡೆಪ್ಪ ನಕ್ಕ. ನಗು ಸ್ವಲ್ಪ ನಡುಗಿತು. ನರಿ ಅದನ್ನು ಗಮನಿಸಿತು, ಬೇರೆ ಯಾರೂ ಗಮನಿಸಲಿಲ್ಲ.

ಅವನು ನಡೆದೇ ಹೋದ. ನರಿ ಒಂದು ಸಲವೂ ಅವಸರ ಮಾಡಲಿಲ್ಲ. ಮುಳ್ಳು ಬಂದರೆ ಕಾಲಿನಿಂದ ಸರಿಸಿತು, ಬಿಸಿಲೇರಿದರೆ ನೆರಳಿಗೆ ನಿಲ್ಲಿಸಿತು. "ನಿಮ್ಮ ಕಾಲಲ್ಲಿ ನೀವೇ ಬರಬೇಕು. ಎತ್ತಿಕೊಂಡು ಹೋಗೋದು ನಮ್ಮಲ್ಲಿ ಪದ್ಧತಿ ಇಲ್ಲ," ಎಂದಿತು. ಬಂಡೆಪ್ಪನಿಗೆ ಇದೆಂಥ ಗೌರವ ಅನ್ನಿಸಿತು.

ಗುಡ್ಡದ ಮೇಲೆ ದೊಡ್ಡದೊಂದು ಗುಹೆ. ಬಾಗಿಲಲ್ಲಿ ಚಿಕ್ಕತಾಯಮ್ಮ ಎಂಬ ಮುದಿ ನರಿ ಕಾಯುತ್ತಿದ್ದಳು. ಆ ಮನೆಗೆಲ್ಲ ಅವಳೇ ಹಿರಿಯಳು, ಅಡುಗೆಯೂ ಅವಳದೇ. ಬಂಡೆಪ್ಪನನ್ನು ಸುತ್ತ ಒಂದು ಸಲ ನೋಡಿ, ಬೆನ್ನ ಚಿಪ್ಪಿನ ಮೇಲೆ ಮೆಲ್ಲಗೆ ತಟ್ಟಿ, "ಒಳ್ಳೇ ಕುಳ," ಎಂದಳು.

ಅವನಿಗೆ ಒಂದು ಕಲ್ಲುಬಾನಿ ತೋರಿಸಿದರು. ಬಾನಿಯ ತುಂಬ ಒರತೆ ನೀರು, ತಳದ ಬಿಳಿ ಹರಳು ಕಾಣುವಷ್ಟು ತಿಳಿ. ಹುಟ್ಟಿದಾಗಿನಿಂದ ಕೆಸರು ನೀರಿನಲ್ಲಿದ್ದ ಬಂಡೆಪ್ಪನಿಗೆ ಅದು ಅರಮನೆಯಂತೆ ಕಂಡಿತು. ಬಾನಿಗೆ ಮುಚ್ಚಳವಿರಲಿಲ್ಲ. ಅಂಚಿಗೆ ಹತ್ತಿ ಇಳಿಯಲು ಒಂದು ಮೆಟ್ಟಿಲೂ ಇತ್ತು. "ಹಗ್ಗ ಇಲ್ಲ, ಬಾಗಿಲಿಲ್ಲ. ನೀವು ನಮ್ಮ ಅತಿಥಿ," ಎಂದಿತು ಮಾಯಿಗ.

ಮೊದಲ ದಿನ ಊಟ ಕೊಡಲಿಲ್ಲ. "ಇವತ್ತು ಉಪವಾಸ, ನಮ್ಮ ಪದ್ಧತಿ," ಎಂದಳು ಚಿಕ್ಕತಾಯಮ್ಮ. ಬೆಳಿಗ್ಗೆ ನೀರು ಬದಲಿಸಿದರು, ಸಂಜೆ ಮತ್ತೆ ಬದಲಿಸಿದರು. ಬಂಡೆಪ್ಪನ ಮೈಯ ಕೆಸರೆಲ್ಲ ಬಿಟ್ಟುಹೋಯಿತು. ಎಂಟು ನರಿಮರಿಗಳು ಬಾನಿಯ ಸುತ್ತ ಸಾಲಾಗಿ ಕೂತು ಅವನನ್ನೇ ನೋಡಿದವು. ಒಂದು ಮರಿ ನಾಲಿಗೆ ಚಪ್ಪರಿಸಿತು.

"ಅತಿಥೀನ ಹಾಗೆ ನೋಡಬಾರದು," ಎಂದು ಅಜ್ಜಿ ಅದರ ಕಿವಿ ಹಿಂಡಿದಳು.

ಎರಡನೆಯ ದಿನ ನಾಲ್ಕು ಒಂದೆಲಗದ ಎಲೆ ಕೊಟ್ಟರು. ಅದನ್ನು ತಿನ್ನುವಾಗ ಬಂಡೆಪ್ಪ ಗುಹೆಯ ಒಳಗೋಡೆಯ ಕಡೆ ನೋಡಿದ. ಅಲ್ಲಿ ಕಲ್ಲಿನ ಹಲಗೆಯ ಮೇಲೆ ಆಮೆಯ ಚಿಪ್ಪುಗಳು. ಒಂದರ ಪಕ್ಕ ಒಂದು, ಮೂವತ್ತಾದರೂ ಇರಬೇಕು. ಎಣ್ಣೆ ಹಚ್ಚಿ ತಿಕ್ಕಿ ಮಿರಮಿರ ಮಿಂಚುವಂತೆ ಮಾಡಿದ್ದರು. ಯಾವುದೂ ಬೋರಲಾಗಿರಲಿಲ್ಲ, ಎಲ್ಲವೂ ಅಂಗಾತ ಇದ್ದವು. ಒಂದರಲ್ಲಿ ಉಪ್ಪು, ಒಂದರಲ್ಲಿ ಕಾಡುಮೆಣಸು, ಒಂದರಲ್ಲಿ ಒಣಶುಂಠಿ.

ಬಂಡೆಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ.

"ಅವರೆಲ್ಲ ನಿಮ್ಮೋರೇ," ಎಂದಿತು ಮಾಯಿಗ, ಅವನ ಕಣ್ಣು ಹೋದ ಕಡೆ ತಾನೂ ನೋಡುತ್ತ. "ಒಂದು ಚಿಪ್ಪನ್ನೂ ನಾವು ಎಸೆದಿಲ್ಲ. ಹಬ್ಬದ ದಿನ ಒಂದೊಂದಕ್ಕೂ ಹೂವಿಡ್ತೀವಿ."

ಕೊನೆಯಿಂದ ಎರಡನೆಯ ಚಿಪ್ಪಿನ ಅಂಚಿನಲ್ಲಿ ಒಂದು ಕಚ್ಚು ಇತ್ತು. ಬಂಡೆಪ್ಪನಿಗೆ ಆ ಕಚ್ಚು ಗೊತ್ತು. ಮಡುವಿಗೆ ಮೊಸಳೆ ಬಂದ ವರ್ಷ ದೊಡ್ಡಮಾದನಿಗೆ ಆದ ಗಾಯ ಅದು.

"ದೊಡ್ಡಮಾದಣ್ಣ... ಅವರು ಎಲ್ಲಿ?" ಎಂದ ಬಂಡೆಪ್ಪ.

"ಈ ಮನೇಲೇ ಇದ್ದಾರೆ. ನಮ್ಮೆಲ್ಲರಲ್ಲೂ ಇದ್ದಾರೆ," ಎಂದು ಮಾಯಿಗ ಹೊಟ್ಟೆ ಸವರಿಕೊಂಡಿತು.

ಆಮೆ ಚಿಪ್ಪು ಬಿಚ್ಚಿಟ್ಟು ತಿರುಗುವುದುಂಟೇ? ನಿಮಗೆ ಗೊತ್ತು, ನನಗೆ ಗೊತ್ತು. ಬಂಡೆಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತು ಗುಹೆಯಲ್ಲಿ ಮಾಯಿಗ, ಅಜ್ಜಿ, ಮರಿಗಳು ಇಷ್ಟೇ. ಅಜ್ಜಿ ತೂಕಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮಾಯಿಗ ಸೌದೆ ತರಲು ಹೋಯಿತು, ಮರಿಗಳು ಆಡಲು ಹೋದವು. ಮೆಟ್ಟಿಲು ಅಲ್ಲೇ ಇತ್ತು. ಬಾಗಿಲಾಚೆ ಬಿಸಿಲು ಬಿದ್ದಿತ್ತು, ಇಳಿಜಾರು ಕಾಣುತ್ತಿತ್ತು.

ಬಂಡೆಪ್ಪ ಒಂದು ಕಾಲು ಮೆಟ್ಟಿಲ ಮೇಲಿಟ್ಟ. 'ಓಡಿಹೋದರೆ ಮಡುವಿನಲ್ಲಿ ಏನು ಹೇಳೋದು? ಉಪ್ಪು ಮೆಣಸು ತುಂಬಿದ ಚಿಪ್ಪು ನೋಡಿ ಹೆದರಿ ಬಂದೆ ಅಂತಲೇ? ಬೆಟ್ಟ ಹೊತ್ತ ವಂಶದೋನು?' ಎಂದುಕೊಂಡ. ಕೇಳಿಬಿಡೋಣವೆಂದರೆ ಪೆದ್ದನ ಪ್ರಶ್ನೆಯಾದೀತು. ದೊಡ್ಡವರು ತೀರಿಕೊಂಡ ಮೇಲೆ ನೆನಪಿಗೆ ಚಿಪ್ಪು ಇಟ್ಟುಕೊಂಡಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕಾಲನ್ನು ಮತ್ತೆ ನೀರಿಗೆಳೆದುಕೊಂಡ.

ನನಗಂತೂ ಅವನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತದೆ. ಆದರೆ ಕತೆ ಹೇಳುವವನ ಕೈ ಬಾನಿಯವರೆಗೆ ಹೋಗುವುದಿಲ್ಲ.

ಮೂರನೆಯ ದಿನ ಸೂರ್ಯ ಏರುತ್ತಲೇ ಗುಡ್ಡದ ನರಿಗಳೆಲ್ಲ ಬಂದವು. ದೊಡ್ಡಪ್ಪ ಚಿಕ್ಕಪ್ಪಂದಿರು, ಸೊಸೆಯರು, ಬೇರೆ ಗುಡ್ಡಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಬಾಗಿಲು ತುಂಬಿಹೋಯಿತು, ಇಳಿಜಾರು ಕಾಣದಾಯಿತು. ಮೂರು ಕಲ್ಲಿನ ಮೇಲೆ ಕರಿಯ ಮಡಕೆ ಕೂತಿತು. ಬಂಡೆಪ್ಪನ ಚಿಪ್ಪಿನ ಮೇಲೆ ಮಲ್ಲಿಗೆ ಇಟ್ಟರು.

"ಅಜ್ಜಿ, ಒಲೆ ಹಚ್ಚೋ ಮೊದಲು ಕತೆ ಹೇಳಬೇಕು," ಎಂದಿತು ಒಂದು ಮರಿ.

"ಹೇಳದೆ ಇರ್ತೀನಾ? ಈ ಕತೆ ಹೇಳದೆ ಒಲೆ ಹಚ್ಚೋ ಹಾಗಿಲ್ಲ," ಎಂದು ಚಿಕ್ಕತಾಯಮ್ಮ ಕಾಲು ನೀಡಿ ಕೂತಳು.

ಬಂಡೆಪ್ಪ ಕತ್ತು ಚಾಚಿದ. ಈಗ ತನ್ನ ವಂಶದ ಕತೆ ಬರುತ್ತದೆ, ಬೆಟ್ಟ ಹೊತ್ತ ಮೂಲಪುರುಷ ಬರುತ್ತಾನೆ ಎಂದು ಕಾದ.

"ಬಹಳ ಹಿಂದೆ ಹನ್ನೆರಡು ವರ್ಷ ಮಳೆ ಬರಲಿಲ್ಲ," ಎಂದು ಅಜ್ಜಿ ಶುರು ಮಾಡಿದಳು. "ಮೊಲ ಸತ್ತವು, ಇಲಿ ಸತ್ತವು. ನಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಎಂಟು ಮರಿ. ಹಾಲಿಲ್ಲ, ನೀರಿಲ್ಲ. ಕಗ್ಗಲಿ ಮಡುವೂ ಆ ಒಂದು ಸಲ ಬತ್ತಿಹೋಗಿತ್ತಂತೆ. ಅವನು ಒಣ ಕೆಸರನ್ನ ಕೆದಕಿದ. ಮೊಳದ ಆಳದಲ್ಲಿ ಒಂದು ಆಮೆ ಮಲಗಿತ್ತು. ಅದನ್ನ ತಂದು, ಅದರ ಚಿಪ್ಪಿನಲ್ಲೇ ಒರತೆಯ ಕೊನೇ ಬೊಗಸೆ ನೀರು ಹುಯ್ದು, ಕಾಡುಮೆಣಸು ಜಜ್ಜಿ ಹಾಕಿ ಸಾರು ಕಾಯಿಸಿದ. ಎಂಟು ಮರಿಗೂ ಒಂದೊಂದು ಗುಟುಕು. ಎಂಟೂ ಬದುಕಿದವು. ನಾವೆಲ್ಲ ಆ ಎಂಟು ಮರಿಗಳ ಮಕ್ಕಳು."

ನರಿಗಳೆಲ್ಲ ತಲೆಬಾಗಿದವು. ಅಜ್ಜಿಯ ಕಣ್ಣು ಒದ್ದೆಯಾಗಿತ್ತು. ಅವಳದು ನಾಟಕವಲ್ಲ ಮಕ್ಕಳೇ, ನಿಜವಾದ ಭಕ್ತಿ. ಅದನ್ನು ನೋಡಿಯೇ ಬಂಡೆಪ್ಪನಿಗೆ ಜೀವ ಬಾಯಿಗೆ ಬಂತು. ಮೋಸಗಾರನಾದರೆ ಅವನ ಹತ್ತಿರ ಜಗಳವಾಡಬಹುದು. ಭಕ್ತಿಯಿಂದ ಬೇಯಿಸುವವರ ಹತ್ತಿರ ಏನು ಹೇಳುವುದು?

"ಒಣಶುಂಠಿ ಬಂದಿದ್ದು ನಮ್ಮತ್ತೆಯ ಕಾಲಕ್ಕೆ. ಹೊಳೆಯಾಚೆಯೋರು ಹುಣಸೆಹಣ್ಣು ಹಾಕ್ತಾರೆ," ಎಂದು ಅಜ್ಜಿ ಮೂಗು ಮುರಿದಳು.

"ನಮ್ಮತ್ತೆ ಮನೇಲಿ ಹಾಕ್ತಾರೆ, ಚೆನ್ನಾಗೇ ಇರುತ್ತೆ," ಎಂದಳು ಮದುವೆಯಾಗಿ ಹೋದ ಒಬ್ಬ ಮಗಳು.

"ಹಾಗಾದ್ರೆ ಅಲ್ಲೇ ಕುಡಿ. ಈ ಮನೇಲಿ ಹುಣಸೆ ಬೀಳಲ್ಲ," ಎಂದಳು ಅಜ್ಜಿ. ಎಲ್ಲರೂ ನಕ್ಕರು. ಬಾನಿಯೊಳಗೆ ಬಂಡೆಪ್ಪ ನಡುಗುತ್ತಿದ್ದ. ನೀರು ಅಲುಗಿದರೆ ಯಾರಿಗಾದರೂ ಕಾಣುತ್ತದೆಂದು ಮೈ ಬಿಗಿಹಿಡಿದಿದ್ದ.

"ಒಂದೇ ಒಂದು ವರ್ಷ ನಮ್ಮೋರು ತಪ್ಪು ಮಾಡಿದರು," ಎಂದು ಅಜ್ಜಿ ದನಿ ತಗ್ಗಿಸಿದಳು. "ಆಮೇನ ಕಾಲು ಹಿಡಿದು ದರದರ ಎಳೆದು ತಂದರು. ಅದು ಹೆದರಿ ಹೆದರಿ ನೀರಲ್ಲೇ ಎಲ್ಲ ಮಾಡಿಕೊಂಡಿತು. ಅದನ್ನೇ ಬೇಯಿಸಿದರು. ಸಾರು ಬೇವಿಗಿಂತ ಕಹಿ. ಕುಡಿದ ಮೂರು ಜನ ಹಿರಿಯರು ಹಬ್ಬದ ದಿನವೇ ತೀರಿಕೊಂಡರು. ಹೆದರಿದ ಆಮೆಯ ಸಾರು ವಿಷ. ಅವತ್ತಿನಿಂದ ಇದೇ ಪದ್ಧತಿ. ಅತಿಥಿ ತನ್ನ ಕಾಲಲ್ಲೇ ಬರಬೇಕು. ಮೂರು ದಿನ ತಿಳಿನೀರಲ್ಲಿರಬೇಕು. ಒಂದು ಗಟ್ಟಿ ಮಾತೂ ಅದರ ಕಿವಿಗೆ ಬೀಳಬಾರದು. ಕಡೆಗೆ ಮನೆಯ ಹಿರಿಯಳು ಬಾನಿಯ ನೀರು ನೆಕ್ಕಿ ನೋಡಬೇಕು. ಸಿಹಿಯಾಗಿದ್ದರೆ ಮಾತ್ರ ಮಡಕೆ."

"ಈ ಆಮೆ ಹೆದರಲ್ಲ ಅಜ್ಜಿ. ಅದರ ವಂಶಕ್ಕೇ ಹೆದರಿಕೆ ಗೊತ್ತಿಲ್ಲ. ಅದಕ್ಕೇ ಇದನ್ನ ಆರಿಸಿದ್ದು," ಎಂದಿತು ಮಾಯಿಗ ಹೆಮ್ಮೆಯಿಂದ.

ಒಲೆ ಹೊತ್ತಿಕೊಂಡಿತು. ಕಾಡುಮೆಣಸು ಜಜ್ಜುವ ಸದ್ದು ಕೇಳಿತು. ಅಜ್ಜಿ ಕೋಲೂರಿ ಬಾನಿಯ ಕಡೆ ಎದ್ದು ಬಂದಳು.

ಬಂಡೆಪ್ಪ ಚಿಪ್ಪಿನೊಳಗೆ ಮುದುಡಿಕೊಂಡ. ಅಲ್ಲಿ ಕತ್ತಲು. ಸದ್ದಿಲ್ಲದೆ ಇದ್ದರೆ ಬಿಟ್ಟಾರು ಎಂದುಕೊಂಡ, ಹುಟ್ಟಿನಿಂದ ಬಂದ ಅಭ್ಯಾಸ. ಆಮೇಲೆ ಅಜ್ಜಿಯ ಮಾತು ಮತ್ತೆ ತಲೆಯೊಳಗೆ ತಿರುಗಿತು. ಸದ್ದಿಲ್ಲದ ಆಮೆಯೇ ಇವರಿಗೆ ಬೇಕಾದದ್ದು. ಮೂರು ದಿನದಿಂದ ತಾನು ಹೆದರಿಕೆಯನ್ನು ಅದುಮಿ ಅದುಮಿ ಇಟ್ಟುಕೊಂಡು, ತನ್ನ ಸಾರನ್ನು ತಾನೇ ಸಿಹಿ ಮಾಡಿಕೊಂಡು ಕೂತಿದ್ದ.

ಅವನು ಕತ್ತು ಹೊರಗೆ ಹಾಕಿದ. ಹೇಳಬೇಕಾದದ್ದು ಒಂದು ಸಣ್ಣ ಮಾತು. ಬದುಕಿನಲ್ಲಿ ಒಮ್ಮೆಯೂ ಆಡದ ಮಾತು. ಅಜ್ಜಿಯ ಮುಂಗಾಲು ನೀರಿನ ಮೇಲೆ ಬಂತು.

"ನನಗೆ ಹೆದರಿಕೆ ಆಗ್ತಿದೆ," ಎಂದ ಬಂಡೆಪ್ಪ.

ಮೆಣಸು ಜಜ್ಜುವುದು ನಿಂತಿತು.

ಮಾಯಿಗ ಓಡಿಬಂದಿತು. "ಛೇ ಛೇ, ತಮಾಷೆ ಮಾಡ್ತಿದ್ದೀರಾ ಬಂಡೆಪ್ಪನೋರೇ. ನಿಮ್ಮಂಥೋರಿಗೆ ಹೆದರಿಕೆಯೇ? ನಿಮ್ಮ ಮೂಲಪುರುಷರು ನೋಡಿದರೆ ಏನಂದಾರು? ಎಷ್ಟು ಜನ ನೋಡ್ತಿದಾರೆ ನೋಡಿ," ಎಂದು ಜೇನಿನಂಥ ದನಿಯಲ್ಲಿ ಹೇಳಿತು.

ಅದೇ ಹಳೆಯ ಗಾಳ. ಒಂದು ಕ್ಷಣ ಬಂಡೆಪ್ಪನಿಗೆ ನಾಚಿಕೆಯಾಗಿ ಕತ್ತು ನೆಟ್ಟಗಾಯಿತು. ಆಗ ಹಲಗೆಯ ಮೇಲಿನ ದೊಡ್ಡಮಾದನ ಚಿಪ್ಪು ಕಣ್ಣಿಗೆ ಬಿತ್ತು. ಅದರಾಚೆ, ಕೊನೆಯ ಚಿಪ್ಪಿನ ಪಕ್ಕದಲ್ಲಿ, ತಿಕ್ಕಿ ಒರೆಸಿದ ಒಂದು ಜಾಗ ಖಾಲಿ ಇತ್ತು.

"ಹೆದರಿಕೆ ಆಗ್ತಿದೆ," ಎಂದು ಅವನು ಗಟ್ಟಿಯಾಗಿ ಕೂಗಿದ. "ಬಂದ ದಿನದಿಂದ ಹೆದರಿದ್ದೀನಿ. ಮಡುವಿನಲ್ಲೇ ಹೆದರಿದ್ದೆ. ಗುಡುಗಿಗೂ ಹೆದರ್ತೀನಿ. ನಾನು ಸಾಯಲಾರೆ, ನನ್ನನ್ನ ಬಿಟ್ಟುಬಿಡಿ."

ಮೂರು ದಿನ ಬಿಗಿಹಿಡಿದಿದ್ದ ಮೈ ಒಮ್ಮೆಗೇ ಸಡಿಲಾಯಿತು. ಅವನು ಗಡಗಡ ನಡುಗಿದ, ಅತ್ತ, ಬಾನಿಯ ತಿಳಿನೀರಿನಲ್ಲೇ ಎಲ್ಲ ಮಾಡಿಕೊಂಡ. ಹೇಳಲು ನನಗೆ ಸಂಕೋಚವಿಲ್ಲ. ಜೀವಭಯವೆಂದರೆ ಹಾಗೇ ಇರುತ್ತದೆ. ಬಿಳಿ ಹರಳು ಕಾಣುತ್ತಿದ್ದ ನೀರು ರಾಡಿಯಾಯಿತು.

ಚಿಕ್ಕತಾಯಮ್ಮ ಪದ್ಧತಿ ಬಿಡುವವಳಲ್ಲ. ಮುಂಗಾಲು ಅದ್ದಿ ನೆಕ್ಕಿದಳು. ಮುಖ ಕಿವುಚಿ ಉಗಿದಳು.

"ಕಹಿ. ಮಡಕೆ ಇಳಿಸಿ," ಎಂದಳು.

"ಅಜ್ಜಿ, ತೊಳೆದು ಹಾಕೋಣ. ಇನ್ನೊಂದು ಸಲ ನೀರು ಬದಲಿಸಿದರೆ ಆಯ್ತು," ಎಂದು ಮಾಯಿಗ ಗೋಗರೆಯಿತು.

"ಮೈ ತೊಳೀಬಹುದು, ಹೆದರಿಕೆ ತೊಳೆಯೋಕಾಗುತ್ತಾ? ಮೂರು ಹಿರಿಯರ ಗತಿ ಮರೆತೆಯಾ? ಇದರ ಸಾರು ಕುಡಿಯೋರು ನಾಳೆಯ ಸೂರ್ಯನ್ನ ನೋಡಲ್ಲ. ಹೊರಗೆ ಹಾಕು."

ಮರಿಗಳು ಅಳತೊಡಗಿದವು. ನೆಂಟರು ಮುಖ ಮುಖ ನೋಡಿಕೊಂಡರು. ಮಾಯಿಗ ಸಿಟ್ಟಿನಿಂದ ಬಂಡೆಪ್ಪನನ್ನು ಕಚ್ಚಿ ಎಳೆದು ಗುಡ್ಡದ ತುದಿಯಿಂದ ಒದ್ದಿತು. ಅವನು ಕಲ್ಲಿನಂತೆ ಉರುಳಿದ. ಕಲ್ಲಿಗೆ ಬಡಿದು, ಪೊದೆಗೆ ಬಡಿದು, ಚಿಪ್ಪಿನ ಬಲ ಅಂಚು ಸೀಳಿತು. ತಪ್ಪಲಿನಲ್ಲಿ ಅಂಗಾತ ಬಿದ್ದವನು ಬಹಳ ಹೊತ್ತು ಒದ್ದಾಡಿ ಮಗುಚಿಕೊಂಡ. ಬದುಕಿದೆಯಾ ಬಡಜೀವವೇ ಎಂದು ಅಲ್ಲಿಂದ ತೆವಳಿದ. ಮಡು ಸೇರಲು ಎರಡು ದಿನ ಹಿಡಿಯಿತು.

ಮಡುವಿನ ದಡದಲ್ಲಿ ಆಮೆಗಳೆಲ್ಲ ಮುತ್ತಿಕೊಂಡವು. ನರಿಗುಡ್ಡದಿಂದ ತಿರುಗಿ ಬಂದವನು ಅವನೇ ಮೊದಲನೆಯವನು.

"ಪೀಠದ ಮೇಲೆ ಕೂರಿಸಿದರಾ ಮಾವ? ಹೂವಿಟ್ಟರಾ?" ಎಂದು ಕೇಳಿದಳು ಚೆಲುವಿ. ಅವಳ ಚಿಪ್ಪು ಫಳಫಳ ಹೊಳೆಯುತ್ತಿತ್ತು. ಮುಂದಿನ ವರ್ಷ ತನ್ನನ್ನೇ ಕರೆಯಲಿ ಎಂದು ಆಗಲೇ ಮರಳಿನಲ್ಲಿ ತಿಕ್ಕಿಕೊಂಡಿದ್ದಳು.

"ನಮ್ಮೋರು ಸುಖವಾಗಿದ್ದಾರಾ?" ಎಂದಳು ದೊಡ್ಡಮಾದನ ಹೆಂಡತಿ ಸಣ್ಣಮ್ಮ.

ಬಂಡೆಪ್ಪ ಸಣ್ಣಮ್ಮನ ಕಡೆ ತಿರುಗಿದ. ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಹೂವಿಟ್ಟಿದ್ದಂತೂ ನಿಜ. ಹಬ್ಬ ಮುಗಿಸಿ ಬಂದೆ, ದಾರಿಯಲ್ಲಿ ಜಾರಿ ಚಿಪ್ಪು ಸೀಳಿತು ಎಂದರೆ ಎಲ್ಲರೂ ನಂಬುತ್ತಿದ್ದರು. ಅವನ ಹೆಸರು ಇನ್ನೂ ದೊಡ್ಡದಾಗುತ್ತಿತ್ತು. ಮುಂದಿನ ಚಳಿಗಾಲಕ್ಕೆ ಚೆಲುವಿ ಕುಣಿದುಕೊಂಡು ಗುಡ್ಡ ಹತ್ತುತ್ತಿದ್ದಳು.

"ಸಣ್ಣಮ್ಮ, ದೊಡ್ಡಮಾದಣ್ಣ ಇಲ್ಲ," ಎಂದ ಅವನು. "ಮರಿಸ್ವಾಮಿಯೂ ಇಲ್ಲ. ಹೋದೋರು ಯಾರೂ ಇಲ್ಲ. ನಮ್ಮನ್ನ ಅಲ್ಲಿ ಸಾರು ಮಾಡ್ತಾರೆ."

ಸಣ್ಣಮ್ಮ ಮೆಲ್ಲಗೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು.

"ಮತ್ತೆ ನೀನು ಹೇಗೆ ಬಂದೆ? ಹೊಡೆದಾಡಿ ಬಂದೆಯಾ?" ಎಂದ ಒಬ್ಬ.

"ಇಲ್ಲ. ಹೆದರಿದೆ. ನಡುಗಿದೆ, ಅತ್ತೆ, ಅವರ ತಿಳಿನೀರೆಲ್ಲ ಹೊಲಸು ಮಾಡಿದೆ. ಹೆದರಿದ ಆಮೆ ಕಹಿಯಂತೆ, ಅದಕ್ಕೆ ಎಸೆದರು."

ಹಿಂದಿನಿಂದ ಒಂದು ಮರಿ ಕಿಸಕ್ಕನೆ ನಕ್ಕಿತು. ಬಂಡೆಪ್ಪ ಅದರ ಕಡೆ ತಿರುಗಿ, "ನಗಪ್ಪ, ಪರವಾಗಿಲ್ಲ. ಆದರೆ ಇನ್ನೊಂದು ಸಲ ಕೇಳಿಸಿಕೊಂಡು ನಗು. ನನಗೆ ಬಹಳ ಹೆದರಿಕೆ ಆಯ್ತು. ಇಲ್ಲಿಂದ ಹೊರಡೋವಾಗಲೇ ಆಗಿತ್ತು. ಆಗಲೇ ಹೇಳಿದ್ದರೆ ಹೋಗ್ತಲೇ ಇರಲಿಲ್ಲ," ಎಂದ.

ಆ ಮರಿ ಮತ್ತೆ ನಗಲಿಲ್ಲ. ಚೆಲುವಿ ಅವನ ಸೀಳಿದ ಚಿಪ್ಪನ್ನು ನೋಡುತ್ತ ನಿಂತಿದ್ದಳು. ಆಮೇಲೆ ಕೆಸರಿಗಿಳಿದು, ತಿಕ್ಕಿ ಹೊಳೆಸಿದ್ದ ಬೆನ್ನಿನ ಮೇಲೆಲ್ಲ ಕೆಸರು ಮೆತ್ತಿಕೊಂಡಳು.

ನೀತಿ: ಎದೆಯ ಹೆದರಿಕೆ ಎಚ್ಚರಿಸಲು ಬಂದ ಗೆಳೆಯ, ನಾಲ್ಕು ಜನರ ಹೊಗಳಿಕೆಗಾಗಿ ಅದರ ಬಾಯಿ ಮುಚ್ಚಿಸಬೇಡ.